ಅತಿಥಿಗೆಂದು ಬಿಟ್ಟ ಜಾಗ

ಹತ್ತೊಂಬತ್ತು ವರ್ಷಗಳಿಂದ ರುವಾನ್ ಸೂಚಿನ್ ಪಾಚಿ ಬರೆಯುತ್ತಿದ್ದಳು.

ಯುನ್‌ಶೀ ಊರಿನ ಚಿತ್ರಕಾರರ ಸಂಘದಲ್ಲಿ ಹತ್ತು ಜನ ಸೇರಿ ಒಂದೇ ಹಾಳೆಯ ಮೇಲೆ ಚಿತ್ರ ಬರೆಯುವುದು ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಮೇಜಿನ ಮೇಲೆ ಉಣ್ಣೆಯ ಹಾಸು, ಹಾಸಿನ ಮೇಲೆ ಎರಡಾಳುದ್ದದ ಬಿಳಿ ಹಾಳೆ. ಎಲ್ಲರಿಗಿಂತ ಹಿರಿಯರು ಬಂಡೆ ಬರೆಯುತ್ತಾರೆ. ಅವರ ಕೆಳಗಿನವರು ದೇವದಾರು ಬರೆಯುತ್ತಾರೆ. ಆಮೇಲೆ ಬಿದಿರು, ಆಮೇಲೆ ಹಕ್ಕಿ. ಹೀಗೆ ಪದವಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದು ಬಂದರೆ ಕಟ್ಟಕಡೆಯ ಮೆಟ್ಟಿಲಲ್ಲಿ ನಿಂತವರಿಗೆ ಉಳಿಯುವುದು ಬಂಡೆಯ ಮೇಲಿನ ಪಾಚಿ. ಪಾಚಿ ಎಂದರೆ ಚುಕ್ಕಿ. ಚುಕ್ಕಿಯ ಪಕ್ಕ ಚುಕ್ಕಿ, ಅದರ ಪಕ್ಕ ಇನ್ನೊಂದು. ಉಪಾಧ್ಯಕ್ಷ ಸಿಮಾರ ಕೈ ಜಾರಿ ಅಡ್ಡಾದಿಡ್ಡಿ ಹೋದ ಗೆರೆಗಳನ್ನೆಲ್ಲ ಹತ್ತೊಂಬತ್ತು ವರ್ಷ ಸೂಚಿನ್‌ಳ ಪಾಚಿಯೇ ಮುಚ್ಚಿತ್ತು. ಸಿಮಾರ ದೇವದಾರುಗಳಿಗೆ ಒಳ್ಳೆಯ ತೇವದ ಜಾಗದಲ್ಲಿ ಬೆಳೆದವು ಎಂಬ ಹೆಸರು ಬಂದದ್ದು ಹಾಗೆ.

ಎಲ್ಲ ಮುಗಿದ ಮೇಲೆ ಅಕ್ಷರದ ಮೆಂಗ್ ಹಾಳೆಯ ಅಂಚಿನಲ್ಲಿ ಒಂದು ಸಾಲು ಬರೆಯುತ್ತಿದ್ದರು. ಬಂಡೆ ಇಂಥವರದು, ದೇವದಾರು ಇಂಥವರದು, ಬಿದಿರು ಇಂಥವರದು, ಮುಂತಾದವರು. ಮುಂತಾದವರು ಎನ್ನಲು ಚೀನೀ ಲಿಪಿಯಲ್ಲಿ ಒಂದೇ ಅಕ್ಷರ ಸಾಕು. ಸೂಚಿನ್ ಆ ಮುಂತಾದವರು.

ಅವಳ ತಾಯಿಗೆ ಓದಲು ಬರುತ್ತಿರಲಿಲ್ಲ. ಮೊದಲ ವರ್ಷ ಸಂಘದ ಗೋಡೆಯ ಮೇಲೆ ತೂಗಿದ ಚಿತ್ರದ ಮುಂದೆ ನಿಂತು, "ಇದರಲ್ಲಿ ನಿನ್ ಹೆಸರು ಯಾವುದೇ?" ಎಂದು ಮುದುಕಿ ಕೇಳಿದ್ದಳು. ಸೂಚಿನ್ ಸುಮ್ಮನೆ ಆ ಕೊನೆಯ ಅಕ್ಷರದ ಮೇಲೆ ಬೆರಳಿಟ್ಟುಬಿಟ್ಟಿದ್ದಳು. ಮುದುಕಿ ಅದರ ಆಕಾರವನ್ನು ಚೆನ್ನಾಗಿ ನೋಡಿ ನೆನಪಿಟ್ಟುಕೊಂಡಳು. ಅಲ್ಲಿಂದ ಮುಂದೆ ನೀರಿನ ಇಲಾಖೆಯ ನೋಟೀಸಿನಲ್ಲಿ, ಲಸಿಕೆಯ ಪ್ರಕಟಣೆಯಲ್ಲಿ, ಪಟಾಕಿ ನಿಷೇಧದ ಹಲಗೆಯಲ್ಲಿ ಆ ಅಕ್ಷರ ಕಂಡಾಗಲೆಲ್ಲ, "ನೋಡೇ, ಇಲ್ಲೂ ನಿನ್ ಹೆಸರು ಹಾಕಿದಾರೆ!" ಎಂದು ಕಣ್ಣರಳಿಸುತ್ತಿದ್ದಳು. ತನ್ನ ಮಗಳಿಲ್ಲದೆ ಸರ್ಕಾರದ ಒಂದು ಕೆಲಸವೂ ನಡೆಯುವುದಿಲ್ಲ ಎಂದು ಮಾರುಕಟ್ಟೆಯ ಸೊಪ್ಪಿನವರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಹೋದ ತಿಂಗಳು ಪಕ್ಕದ ಮನೆಯ ಎರಡನೇ ಕ್ಲಾಸಿನ ಹುಡುಗಿ, "ಅಜ್ಜಿ, ಅದು ಹೆಸರಲ್ಲ, ಅದು ಮುಂತಾದವರು ಅಂತ," ಎಂದುಬಿಟ್ಟಿತು. ಮುದುಕಿ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ ಅನ್ನ ಬಡಿಸುತ್ತ ಒಂದೇ ಮಾತು ಕೇಳಿದಳು: "ಅಷ್ಟೊಂದು ಜನದಲ್ಲಿ ನೀನೆಲ್ಲಿ ನಿಂತಿರ್ತೀಯೇ?"



ಅಮೆರಿಕದ ಕಲಾವಿದರು ಬರುತ್ತಾರೆಂಬ ಸುದ್ದಿ ಬಂದದ್ದು ಅದೇ ವಾರ. ಯುನ್‌ಶೀಗೆ ಅಮೆರಿಕದಲ್ಲಿ ಒಂದು ಸೋದರಿ ಪಟ್ಟಣವಿತ್ತು. ಎರಡೂ ಊರಿನವರು ಒಬ್ಬರನ್ನೊಬ್ಬರು ಕಂಡಿರಲಿಲ್ಲವಾದ್ದರಿಂದ ಸೋದರಿತನ ಚೆನ್ನಾಗಿಯೇ ನಡೆದುಕೊಂಡು ಬಂದಿತ್ತು. ಈಗ ಅಲ್ಲಿಂದ ಇಬ್ಬರು ಬರುತ್ತಾರೆ, ಇಲ್ಲಿಯವರ ಜೊತೆ ಒಂದೇ ಹಾಳೆಯ ಮೇಲೆ ಚಿತ್ರ ಬರೆಯುತ್ತಾರೆ, ಆ ಚಿತ್ರ ಕಡಲು ದಾಟಿ ಅವರ ಊರಿನ ಗ್ರಂಥಾಲಯದಲ್ಲಿ ತೂಗುತ್ತದೆ, ಅಲ್ಲಿಯೇ ಉಳಿಯುತ್ತದೆ ಎಂದು ಸಂಸ್ಕೃತಿ ಇಲಾಖೆಯ ನಿರ್ದೇಶಕ ಪಾಂಗ್ ಸಭೆ ಕರೆದು ಹೇಳಿದರು.

ಸಭೆ ಮುಗಿದ ಮೇಲೆ ಸೂಚಿನ್ ಜೀವಮಾನದಲ್ಲೇ ಮೊದಲ ಸಲ ಬಾಯಿ ಬಿಟ್ಟು ಕೇಳಿದಳು.

"ಉಪಾಧ್ಯಕ್ಷರೇ, ಈ ಸಲ ನನಗೊಂದು ಬಿದಿರು ಕೊಡ್ತೀರಾ? ಮೂಲೇಲಿ ಸಣ್ಣದು, ಎರಡೇ ಕಡ್ಡಿ. ಹೆಸರು ಬರೀಬೇಕಾದ್ರೆ ನನ್ನದೂ ಬರಲಿ ಅಂತ."

ಸಿಮಾ ಅವಳನ್ನು ಕರುಣೆಯಿಂದ ನೋಡಿದರು. "ಸೂಚಿನ್, ಬಿದಿರು ಯಾರು ಬೇಕಾದ್ರೂ ಬರೀತಾರಮ್ಮ. ನಿನ್ ಥರ ಪಾಚಿ ಬರೆಯೋರು ಈ ಪ್ರಾಂತದಲ್ಲೇ ಇಲ್ಲ. ಮುಂದಿನ ಸಲ ನೋಡೋಣ."

ಮುಂದಿನ ಸಲ ಎಂಬುದು ಅವಳಿಗೆ ಹಳೆಯ ಪರಿಚಯ. ಅವಳು ಬಾಯಿ ಬಿಟ್ಟು ಕೇಳದಿದ್ದರೂ ಹತ್ತೊಂಬತ್ತು ವರ್ಷವೂ ಅದು ಬಾಗಿಲವರೆಗೆ ಬಂದು ಹಿಂದಿರುಗಿ ಹೋಗಿತ್ತು.

ಅತಿಥಿಗಳು ನವೆಂಬರಿನ ಮೊದಲ ವಾರ ಬಂದರು. ಒಬ್ಬಾಕೆ ಲೊರೆಟಾ ವಾಸ್, ಅರವತ್ತು ದಾಟಿದ, ಬೆಳ್ಳಿಕೂದಲಿನ, ಗಂಡಸರ ಬೂಟು ಹಾಕಿದ ಹೆಂಗಸು. ಇನ್ನೊಬ್ಬ ಡ್ವೈಟ್, ಬಾಗಿಲಿಗೆ ತಲೆ ತಗಲುವಷ್ಟು ಎತ್ತರದವನು. ದುಭಾಷಿಯಾಗಿ ನಿಂತವರು ಮಾಧ್ಯಮಿಕ ಶಾಲೆಯ ಇಂಗ್ಲಿಷ್ ಮೇಷ್ಟ್ರು ಯಾನ್. ಇಪ್ಪತ್ತೆಂಟು ವರ್ಷ ಇಂಗ್ಲಿಷ್ ಕಲಿಸಿದ್ದರೂ ಆ ಭಾಷೆಯನ್ನು ಆಡುವ ಮನುಷ್ಯರನ್ನು ಅವರು ಎದುರಿಗೆ ಕಂಡದ್ದು ಅದೇ ಮೊದಲು.

ಮೊದಲ ದಿನ ಅತಿಥಿಗಳು ತಮ್ಮ ಕಲೆಯ ಬಗ್ಗೆ ಮಾತಾಡಿದರು. ಲೊರೆಟಾಳ ಕಲೆಯೆಂದರೆ ನಡಿಗೆ. ಮರುಭೂಮಿಯಲ್ಲಿ ನಲವತ್ತು ದಿನ ಕೈಯಲ್ಲೊಂದು ಕಲ್ಲು ಹಿಡಿದು ನಡೆದು, ಕೊನೆಗೆ ಆ ಕಲ್ಲನ್ನು ಎತ್ತಿಕೊಂಡ ಜಾಗದಲ್ಲೇ ಇಟ್ಟು ಬಂದಿದ್ದಳಂತೆ. ಅದೇ ಕಲಾಕೃತಿ.

ಸಂಘದ ಅಧ್ಯಕ್ಷರಾದ ಎಂಬತ್ತೊಂದು ವರ್ಷದ ಫೇ ಮೇಷ್ಟ್ರು ಕಿವಿಗೆ ಕೈ ಅಡ್ಡವಿಟ್ಟು ಕೇಳಿಸಿಕೊಂಡರು. "ಕಲ್ಲು ಎಲ್ಲಿದೆಯಂತೆ?"

"ವಾಪಸ್ ಇಟ್ಟರಂತೆ, ಮೇಷ್ಟ್ರೇ," ಎಂದರು ಯಾನ್.

"ಒಳ್ಳೇ ಹೆಂಗಸು. ನಮ್ಮೋರು ಬೆಟ್ಟದಿಂದ ತಂದಿದ್ದು ಒಂದೂ ವಾಪಸ್ ಇಟ್ಟಿಲ್ಲ."

ಡ್ವೈಟ್ ಜಜ್ಜಿದ ಕಾರುಗಳನ್ನು ಒಂದರ ಮೇಲೊಂದು ಬೆಸೆದು ನಿಲ್ಲಿಸಿದ ಫೋಟೋ ತೋರಿಸಿದ. ಸಿಮಾ ಎದ್ದು ನಿಂತು, "ಯಾರಿಗೂ ಪ್ರಾಣಾಪಾಯ ಆಗಲಿಲ್ಲ ತಾನೇ?" ಎಂದು ವಿಚಾರಿಸಿದರು.

ಆಮೇಲೆ ಲೊರೆಟಾ ಚೀನಾದ ಚಿತ್ರಕಲೆಯಲ್ಲಿ ತನಗೆ ಇಷ್ಟವಾದದ್ದರ ಬಗ್ಗೆ ಕಣ್ಣು ಮುಚ್ಚಿಕೊಂಡು, ಕೈಗಳನ್ನು ಗಾಳಿಯಲ್ಲಿ ತೇಲಿಸುತ್ತ, ಹತ್ತು ನಿಮಿಷ ಹೇಳಿದಳು. ಎಲ್ಲರೂ ಯಾನ್ ಅವರ ಕಡೆ ನೋಡಿದರು. ಯಾನ್ ಬೆವರೊರೆಸಿಕೊಂಡು, "ಖಾಲಿ ಜಾಗ ಚೆನ್ನಾಗಿರುತ್ತೆ ಅಂತಾರೆ," ಎಂದರು.

ಹಿಂದಿನ ಬೆಂಚಿನಲ್ಲಿ ಕೂತಿದ್ದ ಸೂಚಿನ್ ಆ ಹೆಂಗಸಿನ ದನಿಯನ್ನೇ ಕೇಳುತ್ತಿದ್ದಳು. ಮಾತು ಅರ್ಥವಾಗದಿದ್ದರೂ, ಎಲ್ಲಿ ಉಸಿರು ತೆಗೆದುಕೊಂಡಳು, ಎಲ್ಲಿ ನಿಜವಾಗಿ ನೆನೆದು ನಿಂತಳು, ಎಲ್ಲಿ ಬರಿದೇ ಅಭ್ಯಾಸದಿಂದ ಹೇಳಿದಳು ಎಂಬುದು ತಿಳಿಯುತ್ತಿತ್ತು. ಅವಳ ತಂದೆ ಶಾಲೆಯಲ್ಲಿ ಪದ್ಯ ಹೇಳಿಕೊಡುತ್ತಿದ್ದವರು. ಅರ್ಥಕ್ಕಿಂತ ಮೊದಲು ಉಸಿರನ್ನು ಕೇಳು ಎಂದು ಅವಳಿಗೆ ಕಲಿಸಿದ್ದರು. ಈ ಹೆಂಗಸು ಹತ್ತರಲ್ಲಿ ಎರಡು ನಿಮಿಷ ನಿಜ ಹೇಳಿದಳು ಎಂದು ಸೂಚಿನ್‌ಗೆ ಅನಿಸಿತು. ಸಂಘದ ಸಭೆಗಳ ಲೆಕ್ಕದಲ್ಲಿ ಅದು ಬಹಳವೇ ಆಯಿತು.

ಮರುದಿನ ಬೆಳಿಗ್ಗೆ ಹಾಳೆ ಹಾಸಿದರು. ಸಂಘವಿದ್ದದ್ದು ಒಂದು ಹಳೆಯ ಮನೆತನದ ಪಿತೃಗಳ ಮಂದಿರದಲ್ಲಿ. ಕಂಬಗಳ ನಡುವೆ ಜಿಲ್ಲಾ ಪತ್ರಿಕೆಯ ಫೋಟೋದವನು ಏಣಿ ಹತ್ತಿ ನಿಂತಿದ್ದ. ಮಸಿಕಲ್ಲಿನ ಮೇಲೆ ಮಸಿ ತೇಯುವ ಸಣ್ಣ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಯಾರೂ ತಾವಾಗಿ ಮುಂದೆ ಬಂದು ಕುಂಚ ಹಿಡಿಯುವಂತಿಲ್ಲ. ಬನ್ನಿ ಎಂದರೆ ಮೂರು ಸಲ ಒಲ್ಲೆ ಎನ್ನಬೇಕು. ನಾಲ್ಕನೆಯ ಸಲ ಬಲವಂತಕ್ಕೆ ಎಂಬಂತೆ ಒಪ್ಪಬೇಕು. ಫೇ ಮೇಷ್ಟ್ರು ಮೂರು ಸಲ, "ಕೈ ನಡುಗುತ್ತಪ್ಪ, ಬೇರೆಯವರು ಬರೀಲಿ," ಎಂದರು. ನಾಲ್ಕನೆಯ ಸಲ ಎದ್ದು, ನಡುಗದ ಕೈಯಲ್ಲಿ ಎಡಗಡೆಗೆ ಒಂದು ಬಂಡೆ ಎಬ್ಬಿಸಿದರು. ಸಿಮಾ ಮೂರು ಸಲ ಒಲ್ಲೆ ಎನ್ನುತ್ತಲೇ ಅಂಗಿಯ ತೋಳು ಮಡಚಿಕೊಂಡು, ಬಲಗಡೆ ದೇವದಾರು ಬರೆದರು. ಇನ್ನಿಬ್ಬರು ಬಿದಿರು, ಹಕ್ಕಿ ಮುಗಿಸಿದರು. ನಡುವೆ ಒಂದು ಮಾರಗಲದ ಜಾಗವನ್ನು ಎಲ್ಲರೂ ಎಚ್ಚರಿಕೆಯಿಂದ ಬಿಟ್ಟಿದ್ದರು. ಅದು ಅತಿಥಿಗಳ ಜಾಗ, ಗೌರವದ ಜಾಗ.

"ದಯಮಾಡಿ ಬರಬೇಕು," ಎಂದು ಸಿಮಾ ಎರಡೂ ಕೈಯಲ್ಲಿ ಕುಂಚ ಹಿಡಿದು ಲೊರೆಟಾಳ ಮುಂದೆ ಬಾಗಿದರು.

ಲೊರೆಟಾ ಆ ಬಿಳಿ ಜಾಗವನ್ನು ನೋಡಿದಳು. ಅವಳ ಕಣ್ಣು ಒದ್ದೆಯಾಯಿತು. ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದಳು.

"ಒಲ್ಲೆ ಅಂತಾರೆ," ಎಂದರು ಯಾನ್.

ಸಭೆಯಲ್ಲಿ ಮೆಚ್ಚುಗೆಯ ಗುಸುಗುಸು ಎದ್ದಿತು. ಎಷ್ಟು ಸಂಸ್ಕಾರ! ಸಿಮಾ ಎರಡನೆಯ ಸಲ ಬಾಗಿದರು, ಮೂರನೆಯ ಸಲ ಇನ್ನೂ ಆಳವಾಗಿ ಬಾಗಿದರು. ಲೊರೆಟಾ ಎರಡೂ ಸಲ ಒಲ್ಲೆ ಎಂದಳು. ನಾಲ್ಕನೆಯ ಸಲ ಸಿಮಾ ಕುಂಚವನ್ನು ಅವಳ ಬೆರಳಿಗೇ ತಾಗಿಸಿದರು. ಆಗಲೂ ಅವಳು ಒಲ್ಲೆ ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

ಇದು ಯಾರಿಗೂ ಗೊತ್ತಿದ್ದ ಆಟವಲ್ಲ. ಸಿಮಾ ಡ್ವೈಟ್‌ನ ಕಡೆ ತಿರುಗಿದರು. ಅವನು ಎರಡೂ ಅಂಗೈ ಎತ್ತಿ, ಬಂದೂಕಿನ ಮುಂದೆ ನಿಂತವನಂತೆ ಹಿಂದೆ ಹೋಗಿ ಕಂಬಕ್ಕೆ ತಲೆ ಬಡಿಸಿಕೊಂಡ.

"ಏನ್ರೀ ಹೇಳ್ತಾರೆ?" ಸಿಮಾ ಪಿಸುಗುಟ್ಟಿದರು.

"ಇಷ್ಟು ಪೂರ್ತಿಯಾಗಿರೋದನ್ನ ಹಾಳು ಮಾಡೋಕೆ ನಾವು ಯಾರು ಅಂತಾರೆ, ಉಪಾಧ್ಯಕ್ಷರೇ."

"ಪೂರ್ತಿ ಎಲ್ಲಾಗಿದೆ? ಮಧ್ಯ ತೂತು ಬಿದ್ದ ಹಾಗಿದೆಯಲ್ರೀ!"

"ಆ ತೂತೇ ಅವರಿಗೆ ಇಷ್ಟ ಆಗಿರೋದು."

ಗೌರವದ ಜಾಗವನ್ನು ಬೇರೆಯವರು ತುಂಬುವಂತಿಲ್ಲ, ತುಂಬದೆ ಬಿಡುವಂತೆಯೂ ಇಲ್ಲ. ಇಂಥ ಹೊತ್ತಿನಲ್ಲಿ ಊಟಕ್ಕೆ ಏಳುವುದೇ ಸರಿಯೆಂದು ಸಿಮಾ ತೀರ್ಮಾನಿಸಿದರು. ರಸ್ತೆಯಾಚೆಯ ಅತಿಥಿಗೃಹದಲ್ಲಿ ಹುದುಗಿಸಿದ ಮೀನು, ಕಳಲೆ, ಹ್ಯಾಮಿನ ಸಾರು ತಯಾರಾಗಿದ್ದವು. ನಿರ್ದೇಶಕ ಪಾಂಗ್ ನೇರ ಅಲ್ಲಿಗೇ ಬರುವವರಿದ್ದರು. ಫೇ ಮೇಷ್ಟ್ರು ನಿದ್ದೆಗೆಂದು ಮನೆಗೆ ಹೋದರು.

ಹೊರಡುವಾಗ ಸಿಮಾ ತಿರುಗಿ ಹೇಳಿದರು: "ಸೂಚಿನ್, ನೀನು ಪಾಚಿ ಮುಗಿಸಿರು. ನನ್ನ ದೇವದಾರು ಬುಡದಲ್ಲಿ ಸ್ವಲ್ಪ ದಟ್ಟವಾಗಿ ಹಾಕು, ಅಲ್ಲೊಂದು ಗೆರೆ ಇದೆ. ಮಧ್ಯದ ಜಾಗ ಮಾತ್ರ ಮುಟ್ಟಬೇಡ. ಎರಡು ಸುತ್ತು ಅಕ್ಕಿ ಹೆಂಡ ಆದ್ಮೇಲೆ ಆಯಮ್ಮ ಒಪ್ಪಿದರೂ ಒಪ್ಪಬಹುದು. ನಿನ್ನ ಊಟ ಇಲ್ಲಿಗೇ ಕಳಿಸ್ತೀನಿ."

ಊಟ ಬರಲಿಲ್ಲ. ಅದು ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

ಸೂಚಿನ್ ಸಣ್ಣ ಕುಂಚ ತೆಗೆದುಕೊಂಡು ಬಂಡೆಯ ಮುಂದೆ ಕೂತಳು. ಮಂದಿರ ನಿಶ್ಶಬ್ದವಾಗಿತ್ತು. ರಸ್ತೆಯಾಚೆಯಿಂದ ನಗು, ಲೋಟಗಳ ಸದ್ದು ತೇಲಿ ಬರುತ್ತಿತ್ತು. ಅವಳು ಕುಂಚವನ್ನು ಮಸಿಗೆ ಅದ್ದಿದಳು, ಎತ್ತಿದಳು, ಮತ್ತೆ ಕಲ್ಲಿನ ಅಂಚಿಗೆ ಒರಗಿಸಿದಳು. ಈ ಹಾಳೆ ಒಮ್ಮೆ ಕಡಲು ದಾಟಿದರೆ ಮತ್ತೆ ಯುನ್‌ಶೀಗೆ ಬರುವುದಿಲ್ಲ. ಯಾವುದೋ ಊರಿನ ಗೋಡೆಯ ಮೇಲೆ ಹೆಸರುಗಳ ಸಾಲು ತೂಗುತ್ತದೆ, ಕೊನೆಯಲ್ಲಿ ಆ ಅಕ್ಷರ ಇರುತ್ತದೆ. ನೀನೆಲ್ಲಿ ನಿಂತಿರ್ತೀಯೇ?

ಅವಳು ಎದ್ದು ದೊಡ್ಡ ಕುಂಚ ತೆಗೆದುಕೊಂಡಳು.

ಮನೆಯ ಹಿಂದಿನ ಕೊಳದಲ್ಲಿ ಈ ತಿಂಗಳಲ್ಲಿ ತಾವರೆಯೆಲ್ಲ ಒಣಗಿ ನಿಂತಿರುತ್ತದೆ. ತಂದೆ ಬದುಕಿದ್ದಾಗ ಸಂಜೆ ಅದರ ದಂಡೆಯಲ್ಲಿ ಕೂತು ಪದ್ಯ ಹೇಳುತ್ತಿದ್ದರು. ಸಾಲು ಮುಗಿಯುವವರೆಗೆ ಉಸಿರು ಕಡಿಯಬಾರದು, ಉಸಿರು ಕಡಿಯುವವರೆಗೆ ಕುಂಚ ಎತ್ತಬಾರದು. ಅವಳು ಮೊದಲು ನೀರು ಬೆರೆಸಿದ ಮಸಿಯಲ್ಲಿ ಒಂದು ದೊಡ್ಡ ಎಲೆಯನ್ನು ನಡುವಿನ ಬಿಳಿ ಜಾಗದ ಮೇಲೆ ಕವುಚಿ ಹಾಕಿದಳು. ಕಾಗದ ಅದನ್ನು ಕುಡಿದು, ಅಂಚಿನಲ್ಲಿ ತಾನಾಗಿಯೇ ಸುಕ್ಕುಗಟ್ಟಿಸಿತು. ಆಮೇಲೆ ಒಣಕುಂಚದಲ್ಲಿ ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ದಂಟು ಎಳೆದಳು. ಮುಕ್ಕಾಲು ದಾರಿಯಲ್ಲಿ ಅದು ಮುರಿದು ಬಾಗಿತು. ಬಾಗಿದ ತುದಿಯಲ್ಲಿ ಬೀಜ ತುಂಬಿದ ಒಣ ತಾವರೆಕಾಯಿ ನೀರಿನತ್ತ ಮುಖ ಮಾಡಿ ತೂಗಿತು. ಇನ್ನೊಂದು ದಂಟು. ಮತ್ತೊಂದು. ಬಾಯಲ್ಲಿ ತಂದೆ ಹೇಳಿಕೊಟ್ಟ ಸಾಲುಗಳು ಸದ್ದಿಲ್ಲದೆ ಓಡುತ್ತಿದ್ದವು. ನಲವತ್ತು ನಿಮಿಷವಾಯಿತೋ, ಗಂಟೆಯಾಯಿತೋ, ಅವಳಿಗೆ ತಿಳಿಯಲಿಲ್ಲ. ನಿಲ್ಲಿಸಿದಾಗ ಬೆನ್ನು ಬೆವೆತಿತ್ತು.

ಪಾಚಿ ಒಂದು ಚುಕ್ಕಿಯೂ ಬಿದ್ದಿರಲಿಲ್ಲ.

ಅವರೆಲ್ಲ ಊಟ ಮುಗಿಸಿ ಕೆಂಪು ಮುಖ ಹೊತ್ತು ಬಂದರು. ಮುಂದೆ ಸಿಮಾ ಇದ್ದರು. ಹಾಳೆ ನೋಡಿ ಅವರು ಹೊಸ್ತಿಲಲ್ಲೇ ನಿಂತರು. ಒಣಗಿದ ತಾವರೆ! ಸ್ನೇಹದ ಚಿತ್ರದ ನಟ್ಟನಡುವೆ, ಮುರಿದ ದಂಟು! ಬೈಯಲು ಬಾಯಿ ತೆರೆದವರು, ಅನುಭವಸ್ಥರಾದ್ದರಿಂದ, ತೆರೆದ ಬಾಯಿಯಲ್ಲೇ ಒಂದು ಕ್ಷಣ ಯೋಚಿಸಿದರು. ಬರೆದವರು ಯಾರು? ಫೇ ಮೇಷ್ಟ್ರು ಮನೆಯಲ್ಲಿ ನಿದ್ದೆಯಲ್ಲಿದ್ದರು, ಉಳಿದವರೆಲ್ಲ ಊಟಕ್ಕೆ ಇದ್ದರು. ನಿರ್ದೇಶಕರು ಮಾತ್ರ ಮುಕ್ಕಾಲು ಗಂಟೆ ತಡವಾಗಿ ಬಂದರು. ಬರುವ ದಾರಿಯಲ್ಲಿ ಇಲ್ಲಿ ನಿಂತು ಬಂದಿರಬೇಕು! ಈಚೆಗೆ ಅವರು ಚಿತ್ರ ಕಲಿಯುತ್ತಿದ್ದಾರೆಂಬ ಸುದ್ದಿಯೂ ಇತ್ತು.

ಆ ಹೊತ್ತೆಲ್ಲ ಮಂದಿರದಲ್ಲಿ ಒಬ್ಬಳೇ ಇದ್ದವಳು ಸೂಚಿನ್. ಆದ್ದರಿಂದ ಅವಳ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

"ಆಹಾ!" ಎಂದರು ಸಿಮಾ, ನಿರ್ದೇಶಕರಿಗೆ ಕೇಳುವಷ್ಟು ಜೋರಾಗಿ. "ಆಹಾ! ಒಣಗಿದೆ, ನಿಜ. ಆದರೆ ಒಳಗೆ ಬೀಜ ಇದೆ ನೋಡ್ರಪ್ಪ! ಎಂಥಾ ದೂರದೃಷ್ಟಿ! ಆಡಳಿತ ಬಲ್ಲವರಿಗೆ ಮಾತ್ರ ಇಂಥ ಕೈ ಬರುತ್ತೆ."

ನಿರ್ದೇಶಕ ಪಾಂಗ್ ಮುಂದೆ ಬಂದು ನೋಡಿದರು. ಊಟದ ನಡುವೆ ಆ ಅಮೆರಿಕದ ಹೆಂಗಸು ನಡೆದು ಬರುತ್ತೇನೆಂದು ಎದ್ದುಹೋದವಳು ಅರ್ಧ ಗಂಟೆ ಬಂದಿರಲಿಲ್ಲ. ಅವರಿಗೆ ಎಲ್ಲ ಹೊಳೆಯಿತು.

"ಗೆಳೆಯರೇ," ಎಂದು ಅವರು ಫೋಟೋದವನ ಕಡೆ ಮುಖ ತಿರುಗಿಸಿ ಹೇಳಿದರು, "ಇದನ್ನ ನೋಡಿ ಕಲೀಬೇಕು. ನಾವು ಸಾವಿರ ವರ್ಷದಿಂದ ಅದೇ ಹೂವು, ಅದೇ ಹಕ್ಕಿ. ಮುರಿದ ದಂಟನ್ನ ಮಧ್ಯದಲ್ಲಿ ನಿಲ್ಲಿಸೋ ಧೈರ್ಯ ನಮ್ಮವರಿಗೆ ಬರಲ್ಲ. ಇದು ಕಡಲಾಚೆಯ ಸ್ವತಂತ್ರ ಕುಂಚ!"

"ನಾನೂ ಅದನ್ನೇ ಹೇಳ್ತಿದ್ದೆ," ಎಂದರು ಸಿಮಾ, ಉಸಿರು ತೆಗೆದುಕೊಳ್ಳದೆ. "ಕಡಲಾಚೆಯ ಆಡಳಿತ ಅಂತ."

ಅಕ್ಷರದ ಮೆಂಗ್ ಕುಂಚ ಅದ್ದಿ ಹಾಳೆಯ ಎಡಪಕ್ಕದ ಅಂಚಿನಲ್ಲಿ ಬಂಡೆ, ದೇವದಾರು, ಬಿದಿರು, ಹಕ್ಕಿಗಳ ಒಡೆಯರನ್ನು ಬರೆದು ನಿಲ್ಲಿಸಿದರು. ಎಪ್ಪತ್ತು ವರ್ಷದ ಅವರು ತಮಾಷೆಯ ಮನುಷ್ಯ, ಆದರೆ ಕುಂಚ ಕೈಯಲ್ಲಿದ್ದಾಗ ನಗುತ್ತಿರಲಿಲ್ಲ. "ತಾವರೆ ಯಾರದು ಅಂತ ಬರೀಲಿ?"

"ಲೊರೆಟಾ ಮೇಡಂ ಅವರದು," ಎಂದರು ಪಾಂಗ್.

ಯಾನ್ ಅದನ್ನು ಹೇಳಿದರು. ಲೊರೆಟಾ ಬೆಚ್ಚಿದಳು. ಅಲ್ಲ ಅಲ್ಲ ಎಂದು ಕೈಯಾಡಿಸಿದಳು.

"ತಮ್ಮದಲ್ಲ ಅಂತಾರೆ."

ನಿರ್ದೇಶಕರು ತೃಪ್ತಿಯಿಂದ ನಕ್ಕರು. "ಬರೀರಿ ಮೆಂಗ್ ಅವರೇ."

"ತಾವು ಮುಟ್ಟಿಯೇ ಇಲ್ಲ ಅಂತಾರೆ."

"ಎರಡಾಯ್ತು," ಎಂದು ಸಿಮಾ ಪಕ್ಕದವರಿಗೆ ಹೇಳಿದರು.

ಲೊರೆಟಾಳ ದನಿ ಏರಿತು. ಅವಳು ಈ ಸಲ ಬೂಟಿನ ಕಾಲನ್ನು ನೆಲಕ್ಕೆ ಅಪ್ಪಳಿಸಿ ಏನೋ ಹೇಳಿದಳು.

"ಸುಳ್ಳು ಹೆಸರು ಹಾಕಿದರೆ ಚಿತ್ರ ತಗೊಂಡು ಹೋಗಲ್ಲ ಅಂತಾರೆ."

"ಮೂರು!" ಎಂದು ಸಭೆಯೇ ಉದ್ಗರಿಸಿತು. ನಿನ್ನೆ ಬಂದ ಹೆಂಗಸು ಒಂದೇ ದಿನದಲ್ಲಿ ಇಷ್ಟು ಚೆನ್ನಾಗಿ ಒಲ್ಲೆ ಎನ್ನಲು ಕಲಿತಳಲ್ಲ ಎಂದು ಕೆಲವರ ಕಣ್ಣಲ್ಲಿ ನೀರೇ ಬಂತು. ಬೆಳಿಗ್ಗೆಯ ತಪ್ಪನ್ನು ತಿದ್ದಿಕೊಂಡಿದ್ದಾಳೆ, ಪಾಪ. ಇನ್ನು ನಾಲ್ಕನೆಯ ಸಲ ಒಪ್ಪುತ್ತಾಳೆ.

ನಾಲ್ಕನೆಯ ಸಲ ಲೊರೆಟಾ ನೇರ ಹಿಂದಿನ ಕಂಬದ ಬಳಿಗೆ ನಡೆದು ಹೋಗಿ, ಸೂಚಿನ್‌ಳ ಕೈ ಹಿಡಿದು ಮೇಲೆತ್ತಿದಳು. ಬೆರಳುಗಳೆಲ್ಲ ಮಸಿ. ನಡೆಯುತ್ತ ಬಂದವಳು ಬಾಗಿಲಲ್ಲಿ ನಿಂತು ಅರ್ಧ ಗಂಟೆ ಆ ಕೈಯನ್ನೇ ನೋಡಿದ್ದೆ ಎಂದು ಅವಳು ಹೇಳಿದಳು. ಯಾನ್ ಮೇಷ್ಟ್ರು ಒಮ್ಮೆ ಸೂಚಿನ್‌ಳನ್ನು ನೋಡಿದರು, ಒಮ್ಮೆ ನಿರ್ದೇಶಕರನ್ನು ನೋಡಿದರು. ಮೇಷ್ಟ್ರಿಗೆ ಇನ್ನೂ ಎರಡು ವರ್ಷ ನೌಕರಿಯಿತ್ತು.

"ಈ ಹೆಣ್ಣುಮಗಳ ಸಹಾಯ ಇತ್ತು ಅಂತಾರೆ," ಎಂದರು.

"ನೋಡಿ, ಎಷ್ಟು ದೊಡ್ಡ ಮನಸ್ಸು!" ಎಂದರು ಪಾಂಗ್. "ಮಸಿ ತೇದು ಕೊಟ್ಟವಳನ್ನೂ ಮರೆತಿಲ್ಲ."

ಸುಮ್ಮನಿದ್ದರೆ ಇಷ್ಟೇ. ಸುಮ್ಮನಿರುವುದು ಸೂಚಿನ್‌ಗೆ ಚೆನ್ನಾಗಿ ಬರುತ್ತಿತ್ತು, ಪಾಚಿಯಷ್ಟೇ ಚೆನ್ನಾಗಿ.

"ಸಹಾಯ ಅಲ್ಲ," ಎಂದಳು. ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ತಾವರೆ ಬರೆದಿದ್ದು ನಾನು."

ಯಾರೋ ಕೆಮ್ಮಿದರು. ಸಿಮಾ ನಗಲು ನೋಡಿದರು. "ಸೂಚಿನ್, ನೀನು ಪಾಚಿ..."

"ಪಾಚಿ ಹಾಕಿಲ್ಲ, ಉಪಾಧ್ಯಕ್ಷರೇ. ನಿಮ್ಮ ಗೆರೆ ಹಾಗೇ ಇದೆ, ನೋಡಿ."

ಎಲ್ಲರೂ ನೋಡಿದರು. ದೇವದಾರುವಿನ ಬುಡದಲ್ಲಿ ಆ ಗೆರೆ ಕುಡಿದವನ ಹೆಜ್ಜೆಯಂತೆ ಹಾಳೆಯ ಅಂಚಿನತ್ತ ಹೋಗಿತ್ತು. ಪಾಚಿಯಿಲ್ಲದ ಸಿಮಾರ ಮರವನ್ನು ಸಂಘದವರು ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಕಂಡರು.

ನಿರ್ದೇಶಕರ ಸ್ಥಿತಿ ಕಷ್ಟದ್ದಾಗಿತ್ತು. ಇಂಥ ಧೈರ್ಯ ನಮ್ಮವರಿಗೆ ಬರುವುದಿಲ್ಲವೆಂದು ಪತ್ರಿಕೆಯವನ ಮುಂದೆ ಹೇಳಿಯಾಗಿತ್ತು. ಈಗ ಅದು ಸಂಘದ ಕೊನೆಯ ಮೆಟ್ಟಿಲಿನವಳಿಗೆ ಬಂದುಬಿಟ್ಟಿದೆ. ಸಿಮಾ ನಿರ್ದೇಶಕರ ಕಿವಿಯ ಬಳಿ ಬಾಗಿದರು. ಪಿಸುಮಾತನ್ನು ಬೇರೆ ಯಾರೂ ಕೇಳಲಿಲ್ಲ. ಆದರೆ ಸೂಚಿನ್ ಚಿಕ್ಕಂದಿನಿಂದ ಕಿವಿಯಿಂದಲೇ ಬದುಕಿದವಳು.

"ಕೆಳಗಿನ ಅಂಚಲ್ಲಿ ಸಣ್ಣದಾಗಿ ಇವಳ ಹೆಸರೂ ಬರೀಲಿ ಬಿಡಿ, ನಿರ್ದೇಶಕರೇ. ತೂಗುಹಾಕೋಕೆ ಹಾಳೆ ಸುತ್ತ ರೇಷ್ಮೆ ಕಟ್ಟಿಸಬೇಕಲ್ಲ, ಅದಕ್ಕೆ ಹೇಗೂ ನನ್ನ ಕೈಗೇ ಬರುತ್ತೆ. ಕಟ್ಟೋವಾಗ ಕೆಳಗಿನ ಅಂಚು ಅರ್ಧ ಅಂಗುಲ ಕತ್ತರಿಸಲೇಬೇಕು."

ಪಾಂಗ್ ಅವರ ಮುಖ ಅರಳಿತು. "ನಮ್ಮ ಇಲಾಖೆ ಮೊದಲಿಂದಲೂ ಹೊಸಬರಿಗೆ ಪ್ರೋತ್ಸಾಹ ಕೊಡುತ್ತಾ ಬಂದಿದೆ," ಎಂದು ಘೋಷಿಸಿದರು. "ಮೆಂಗ್ ಅವರೇ, ಕೆಳಗಡೆ ಅಂಚಿನಲ್ಲಿ ಇವರ ಹೆಸರನ್ನೂ ಬರೀರಿ."

ಮೆಂಗ್ ಕುಂಚ ಅದ್ದಿದರು. ಅಂಚನ್ನು ನೋಡಿದರು, ಸಿಮಾರನ್ನು ನೋಡಿದರು. ಅವರ ಕೈ ಹಾಳೆಯ ಮೇಲೆ ಬಹಳ ಹೊತ್ತು ನಿಂತಿತು. "ಅಂಚಲ್ಲಿ ಸರಿಯಾಗಲ್ಲ ಅನ್ಸುತ್ತೆ," ಎಂದು ಗೊಣಗಿದರು.

"ಕೊಡಿ, ಮೆಂಗಜ್ಜ," ಎಂದಳು ಸೂಚಿನ್.

ಅವರು ಒಂದು ಸಲವೂ ಒಲ್ಲೆ ಎನ್ನಲಿಲ್ಲ. ಕುಂಚ ಅವಳ ಕೈಗೆ ಬಂತು. ಅವಳು ಅಂಚನ್ನು ಬಿಟ್ಟು ಹಾಳೆಯ ನಡುವಿಗೆ ಬಾಗಿದಳು. ದೊಡ್ಡ ದಂಟು ಮುರಿದು ಬಾಗಿದಲ್ಲಿ, ದಂಟಿಗೂ ತಾವರೆಕಾಯಿಗೂ ನಡುವೆ ಒಂದು ಅಂಗೈಯಗಲ ಬಿಳಿ ಉಳಿದಿತ್ತು. ಅಲ್ಲಿ, ಯಾವ ಕತ್ತರಿಯೂ ತಾವರೆಯನ್ನು ಸೀಳದೆ ತಲುಪಲಾರದ ಜಾಗದಲ್ಲಿ, ಉಸಿರು ಕಡಿಯದೆ ಮೂರು ಅಕ್ಷರ ಬರೆದಳು. ರುವಾನ್ ಸೂಚಿನ್. ಅಕ್ಷರ ಅಂಥ ಚಂದವಾಗಿರಲಿಲ್ಲ. ಮೆಂಗ್ ಬರೆದಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು. ಕಾಗದ ಮಸಿಯನ್ನು ಕುಡಿಯಿತು. ಕುಡಿದದ್ದನ್ನು ಆ ಕಾಗದ ಹಿಂದಕ್ಕೆ ಕೊಡುವುದಿಲ್ಲ.

"ಅಯ್ಯೋ!" ಎಂದರು ಸಿಮಾ.

ಅಷ್ಟರಲ್ಲಿ ಡ್ವೈಟ್ ಚಪ್ಪಾಳೆ ತಟ್ಟತೊಡಗಿದ. ಯಾವಾಗ ತಟ್ಟಬೇಕು, ಯಾವಾಗ ತಟ್ಟಬಾರದು ಎಂಬುದು ಬಂದ ದಿನದಿಂದ ಅವನಿಗೆ ತಿಳಿದಿರಲಿಲ್ಲ. ಲೊರೆಟಾ ಸೇರಿಕೊಂಡಳು. ಏಣಿಯ ಮೇಲಿನಿಂದ ಫೋಟೋದವನು ಕ್ಲಿಕ್ಕಿಸಿದ. ಕ್ಯಾಮೆರಾ ಸದ್ದು ಕೇಳಿದ ಕೂಡಲೇ ನಿರ್ದೇಶಕ ಪಾಂಗ್ ಅವರ ಕೈಗಳು ತಾವಾಗಿಯೇ ಮೇಲೆದ್ದು ತಟ್ಟಿದವು. ಅದನ್ನು ಕಂಡು ಸಂಘವೆಲ್ಲ ತಟ್ಟಿತು, ಎಲ್ಲರಿಗಿಂತ ಜೋರಾಗಿ ಸಿಮಾ ತಟ್ಟಿದರು.

ಸದ್ದು ಅಡಗಿದ ಮೇಲೆ ಪಾಂಗ್ ಮುಗುಳ್ನಗುತ್ತ ಅವಳ ಪಕ್ಕಕ್ಕೆ ಬಂದು ನಿಂತರು. ತುಟಿ ಅಲುಗದಂತೆ, ಮೆಲ್ಲಗೆ ಕೇಳಿದರು: "ಸೂಚಿನ್ ಅವರೇ, ಮೊದಲೇ ಹೇಳಬಾರದಿತ್ತೇ? ಮೇಲೆ ಯಾರು ಬೇಕಾದವರು ನಿಮಗೆ? ಪ್ರಾಂತದಲ್ಲಾ?"

ಇಷ್ಟು ಧೈರ್ಯ ಸುಮ್ಮನೆ ಬರುವಂಥದ್ದಲ್ಲವೆಂದು ಅವರು ಯೋಚಿಸಿ ತೀರ್ಮಾನಿಸಿದ್ದರು.

"ಯಾರೂ ಇಲ್ಲ, ನಿರ್ದೇಶಕರೇ."

ಅವರ ಕಣ್ಣು ಕಿರಿದಾಯಿತು. "ಹಾಗಾದ್ರೆ ರಾಜಧಾನೀಲಾ?"

"ಅಲ್ಲೂ ಯಾರೂ ಇಲ್ಲ."

"ನನ್ನ ಹತ್ರ ಸಂಕೋಚ ಬೇಡ. ಹೆಸರು ಹೇಳೋದು ಬೇಡ, ಇದ್ದಾರೆ ಅಂದ್ರೆ ಸಾಕು."

"ಅಮ್ಮ ಒಬ್ಬಳಿದ್ದಾಳೆ," ಎಂದಳು ಸೂಚಿನ್. "ಓದೋಕೆ ಬರಲ್ಲ ಅವಳಿಗೆ."

ನಿರ್ದೇಶಕ ಪಾಂಗ್ ನೆಟ್ಟಗೆ ನಿಂತರು. ಮೂರು ಸಲ ಇಲ್ಲವೆಂದಳು. ಎಷ್ಟು ದೊಡ್ಡವರಿದ್ದರೆ ಇಷ್ಟು ಶಾಂತವಾಗಿ ಇಲ್ಲವೆನ್ನಲು ಸಾಧ್ಯ! ಅವರು ತಾವೇ ಹೋಗಿ ಒಂದು ಕುರ್ಚಿ ಎಳೆದು ತಂದರು. ಲೋಟಕ್ಕೆ ಚಹಾ ಸುರಿದು, ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ ಕೊಟ್ಟರು. ಸಿಮಾ ಓಡಿಬಂದು ಕುರ್ಚಿಯ ಮೇಲಿನ ಧೂಳು ಒರೆಸಿದರು.

ಸೂಚಿನ್ ಕೂತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಚಹಾ ಬಿಸಿಯಾಗಿತ್ತು. ಅದನ್ನು ಊದಿ ಕುಡಿಯುತ್ತ, ಮೂರನೆಯ ಅಕ್ಷರದ ಕೊನೆಯ ಗೆರೆಯಲ್ಲಿ ಮಸಿ ಇನ್ನೂ ಹೊಳೆಯುತ್ತಿರುವುದನ್ನು, ಅದು ನಿಧಾನವಾಗಿ ಆರುತ್ತ ಬರುವುದನ್ನು ನೋಡುತ್ತ ಕೂತಳು.